ನೆಲವೂ ಡೊಂಕಿರಬಹುದು

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಬಿಲ್ಲುಗಾರಿಕೆಯ ಮೈದಾನದಲ್ಲಿ ಈ ಗಾದೆಯಷ್ಟು ಅನ್ಯಾಯ ಮಾಡಿದ ಮಾತು ಇನ್ನೊಂದಿರಲಾರದು. ಹೊಸದಾಗಿ ಬಿಲ್ಲು ಹಿಡಿದ ಹನ್ನೆರಡರ ಹುಡುಗಿಯೊಬ್ಬಳು ಹತ್ತು ಬಾಣ ಬಿಡುತ್ತಾಳೆ ಎಂದುಕೊಳ್ಳಿ. ಎಂಟು ಬಾಣಗಳು ಗುರಿಯ ಎಡಕ್ಕೆ ಹೋಗಿ ನಾಟುತ್ತವೆ. ‘ಗಮನ ಎಲ್ಲಿದೆ?’ ಎಂಬ ಗದರಿಕೆ ಹಿಂದಿನಿಂದ ಬರುತ್ತದೆ. ಎಂಟೂ ಬಾಣ ಒಂದೇ ಕಡೆ, ಒಂದು ಗೇಣಿನೊಳಗೆ ಬಿದ್ದಿವೆಯೆಂದರೆ ಗಮನ ಇರಬೇಕಾದಲ್ಲೇ ಇದೆ ಎಂದು ಅವಳ ಪರವಾಗಿ ವಾದಿಸುವವರು ಸಿಗುವುದು ಅಪರೂಪ.

ಇದಕ್ಕೆ ಕಾರಣ ಹುಡುಕಿದರೆ ದ್ರೋಣರ ಪರೀಕ್ಷೆಯ ತನಕ ಹೋಗಬೇಕಾಗುತ್ತದೆ. ಮರ ಕಾಣದು, ಕೊಂಬೆ ಕಾಣದು, ಹಕ್ಕಿಯ ಕಣ್ಣೊಂದೇ ಕಾಣುತ್ತದೆ ಎಂದ ಅರ್ಜುನ ಗೆದ್ದ. ಅವನ ಬಾಣ ಯಾವ ಕಡ್ಡಿಯದು, ಅವನ ಬಿಲ್ಲಿಗೆ ಅದು ಹೊಂದುತ್ತಿತ್ತೇ ಎಂದು ಆ ಕಥೆಯಲ್ಲಿ ಯಾರೂ ಕೇಳುವುದಿಲ್ಲ. ಕರ್ಣನ ಸರ್ಪಾಸ್ತ್ರ ಗುರಿ ತಪ್ಪಿದ್ದು ಕೃಷ್ಣ ರಥವನ್ನು ನೆಲಕ್ಕೊತ್ತಿದ್ದರಿಂದ ಎಂದು ಕನ್ನಡಿಗರು ಹರಿಕಥೆಯಲ್ಲೂ ಯಕ್ಷಗಾನದಲ್ಲೂ ಕೇಳಿ ಬೆಳೆದಿದ್ದಾರೆ. ಮೂತಿಯಲ್ಲಿ ಹಾವನ್ನೇ ಹೊತ್ತ ಬಾಣ ಹೆದೆ ಬಿಟ್ಟಾಗ ಎಷ್ಟು ಬಳುಕಿರಬೇಕು ಎಂಬ ಪ್ರಶ್ನೆ ಬಿಲ್ಲು ಹಿಡಿದು ಪಾಡುಪಟ್ಟವರಿಗೆ ಮಾತ್ರ ಹೊಳೆದೀತು.

ಬಾಣ ಬಳುಕುತ್ತದೆ ಎಂಬುದೇ ಅನೇಕರಿಗೆ ಹೊಸ ಸಂಗತಿ. ಬಿಲ್ಲಿನ ಹಿಡಿ ನಡುವೆ ಇದೆ, ಬಾಣ ಅದರ ಒಂದು ಪಕ್ಕದಲ್ಲಿ ಕೂರುತ್ತದೆ, ಹೆದೆ ಮಾತ್ರ ನಟ್ಟನಡುವಿಗೆ ಮರಳುತ್ತದೆ. ಲೆಕ್ಕದ ಪ್ರಕಾರ ಬಾಣ ಪಕ್ಕಕ್ಕೇ ಸಿಡಿಯಬೇಕು. ಆದರೂ ಸರಿಯಾದ ಬಾಣ ನೇರ ಹೋಗುತ್ತದೆ. ಅಮೆರಿಕದ ರಾಬರ್ಟ್ ಎಲ್ಮರ್ 1913ರಲ್ಲಿ ಇದಕ್ಕೆ ‘ಬಿಲ್ಲುಗಾರನ ವಿರೋಧಾಭಾಸ’ ಎಂಬರ್ಥದ ಹೆಸರಿಟ್ಟ. 1930ರ ದಶಕದಲ್ಲಿ ಕ್ಲಾರೆನ್ಸ್ ಹಿಕ್‌ಮನ್ ಎಂಬ ಭೌತವಿಜ್ಞಾನಿ ಅತಿವೇಗದ ಕ್ಯಾಮೆರಾದಿಂದ ಚಿತ್ರ ತೆಗೆದಾಗ ಗುಟ್ಟು ರಟ್ಟಾಯಿತು. ಬೆರಳುಗಳಿಂದ ಜಾರುವಾಗ ಹೆದೆ ತುಸು ಪಕ್ಕಕ್ಕೆ ಸರಿಯುತ್ತದೆ. ಹಿಂದಿನಿಂದ ಬಿದ್ದ ಒತ್ತಡಕ್ಕೆ ಬಾಣದ ನಡು ಮೊದಲು ಬಿಲ್ಲಿನ ಕಡೆಗೆ ಬಾಗುತ್ತದೆ, ಮರುಕ್ಷಣ ಆಚೆಗೆ ಬಾಗುತ್ತದೆ. ಹಾಗೆ ಬಾಗುವ ಹೊತ್ತಿಗೆ ಗರಿಗಳಿರುವ ಬಾಲ ಬಿಲ್ಲಿಗೆ ತಾಗದೆ ಹಿಡಿಯನ್ನು ಬಳಸಿಕೊಂಡು ದಾಟಿಬಿಡುತ್ತದೆ. ಆಮೇಲೂ ಸ್ವಲ್ಪ ದೂರ ಅದು ಮೀನು ಈಜುವ ಹಾಗೆ ಮೈ ಆಡಿಸುತ್ತಲೇ ಹೋಗುತ್ತದೆ.

ಅಂದರೆ ಬಳುಕುವುದು ಬಾಣದ ಕೆಲಸ. ಎಷ್ಟು ಬಳುಕಬೇಕು ಎಂಬಲ್ಲಿ ತಕರಾರು. ಬಲಗೈಯವರಿಗೆ, ಬಿಲ್ಲಿನ ಶಕ್ತಿಗೆ ಮೀರಿ ಬಿಗಿಯಾದ ಬಾಣ ಎಡಕ್ಕೆ ಸರಿಯುತ್ತದೆ. ಹೆಚ್ಚು ಮೆದುವಾದದ್ದು ಬಲಕ್ಕೆ. ಎಡಗೈಯವರಿಗೆ ಇದರ ತಿರುವುಮುರುವು.

ಒಲಿಂಪಿಕ್ಸ್‌ನಲ್ಲಿ ಕಾಣುವ ರಿಕರ್ವ್ ಬಿಲ್ಲಿನಲ್ಲಿ ಈ ತಕರಾರನ್ನು ತೀರಿಸಲು ಹತ್ತಾರು ತಿರುಪುಗಳಿವೆ. ಬಾಣದ ಪಕ್ಕಕ್ಕೆ ಸ್ಪ್ರಿಂಗಿನ ಗುಂಡಿಯಿದೆ, ಗುರಿ ನೋಡಲು ಸೈಟ್ ಇದೆ, ಓಲಾಟ ತಡೆಯಲು ಉದ್ದನೆಯ ಕೋಲುಗಳಿವೆ. ಸಾಂಪ್ರದಾಯಿಕ ರಿಕರ್ವ್‌ನದು ಬಡವರ ಮನೆ: ಮರ, ಫೈಬರ್‌ಗ್ಲಾಸ್ ಪದರ, ಮುಂದಕ್ಕೆ ಬಾಗಿದ ತುದಿಗಳು, ಹಿಡಿಯ ಮೇಲೆ ಬಾಣ ಕೂರಲೊಂದು ಪುಟ್ಟ ಕಟ್ಟೆ, ಅದಕ್ಕೆ ಹಚ್ಚಿದ ಚರ್ಮದ ತುಂಡು. ಹೆದೆಯನ್ನು ಹುರಿಗೊಳಿಸಿ ತುಸು ಗಿಡ್ಡ ಮಾಡಬಹುದು, ಬಾಣದ ಕಚ್ಚು ಕೂರುವ ಗಂಟನ್ನು ಮೇಲೆ ಕೆಳಗೆ ಸರಿಸಬಹುದು. ಉಳಿದದ್ದನ್ನೆಲ್ಲ ಬಾಣದಲ್ಲೇ ಸರಿಪಡಿಸಿಕೊಳ್ಳಬೇಕು.

ಸರಿಪಡಿಸುವ ದಾರಿ ಸರಳವಾಗಿದೆ, ಸ್ವಲ್ಪ ನಿರ್ದಯವೂ ಆಗಿದೆ. ಗರಿಯಿರುವ ಮೂರು ಬಾಣ, ಗರಿ ಕಿತ್ತ ಎರಡು ಬೋಳು ಬಾಣ. ಹದಿನೈದು ಮೀಟರ್ ದೂರದಲ್ಲಿ ಒತ್ತಾಗಿ ಕಟ್ಟಿದ ಹುಲ್ಲಿನ ಪೆಂಡಿ. ಗರಿ ಎಂಬುದು ತಪ್ಪು ಮುಚ್ಚುವ ಸೆರಗು; ಬಾಣ ಅಡ್ಡಾದಿಡ್ಡಿ ಹೊರಟರೂ ಹಿಂದಿನಿಂದ ಎಳೆದು ನೇರ ಮಾಡುತ್ತದೆ. ಬೋಳು ಬಾಣಕ್ಕೆ ಆ ಮರೆಯಿಲ್ಲ. 40 ಪೌಂಡ್ ಎಳೆತದ ಬಿಲ್ಲಿಗೆ 400 ಎಂಬ ಬಿಗಿಯ ಅಂಕಿಯಿರುವ ಕಾರ್ಬನ್ ಕಡ್ಡಿ ಹೂಡಿದರೆ ಗರಿಯಿರುವ ಮೂರೂ ನಡುವಿನ ಆಸುಪಾಸಿನಲ್ಲಿ ಬಿದ್ದರೂ ಬೋಳು ಬಾಣಗಳೆರಡೂ ಅಂಗೈಯಗಲ ಎಡಕ್ಕೆ, ಓರೆಯಾಗಿ ನಾಟಿಕೊಳ್ಳುವ ಸಂಭವ ಹೆಚ್ಚು. ಕಿವಿಗೊಟ್ಟರೆ ಬಿಡುವಾಗ ಬಿಲ್ಲಿನ ಪಕ್ಕದಿಂದ ‘ಟಕ್’ ಎಂಬ ಸದ್ದೂ ಕೇಳೀತು. ಕಟ್ಟೆಯ ಚರ್ಮದ ಮೇಲೆ ಉಜ್ಜಿದ ಗುರುತು, ಒಂದೇ ಗರಿಯ ಬುಡ ಸವೆದಿರುವುದು, ಇವೆಲ್ಲ ಅದೇ ದೂರಿಗೆ ಸಾಕ್ಷಿ. ಬಾಣ ಅತಿ ಬಿಗಿ.

ಆಗ ಮೂತಿಯ ಲೋಹದ ಮೊನೆಯನ್ನು ಬಿಚ್ಚಿ ಇನ್ನೂ ಭಾರದ್ದನ್ನು ಹಾಕಬೇಕು. ಮೂತಿ ಭಾರವಾದಷ್ಟೂ ಬಾಣ ಹೆಚ್ಚು ಬಳುಕುತ್ತದೆ. 100 ಗ್ರೇನ್‌ನಿಂದ 150 ಗ್ರೇನ್‌ಗೆ ಏರಿಸಿದರೆ ಕೂಡುವುದು ಮೂರು ಗ್ರಾಂಗಿಂತ ತುಸು ಹೆಚ್ಚು. ಅಷ್ಟಕ್ಕೇ ಬೋಳು ಬಾಣ ಗರಿಬಾಣಗಳ ಹತ್ತಿರ ಸರಿಯುತ್ತದೆ. ಮೆದುವಾದ ಬಾಣಕ್ಕೆ ಮದ್ದು ಇದರ ವಿರುದ್ಧ: ಹಗುರ ಮೊನೆ, ಇಲ್ಲವೇ ಕಡ್ಡಿಯ ಉದ್ದವನ್ನು ಕಾಲಿಂಚಿನಷ್ಟು ಕತ್ತರಿಸುವುದು. ಕತ್ತರಿಸಿದ್ದು ಮತ್ತೆ ಬೆಳೆಯದ್ದರಿಂದ ತಿಳಿದವರು ಉದ್ದದ ಕಡ್ಡಿಯಿಂದಲೇ ಶುರು ಮಾಡುತ್ತಾರೆ. ಇನ್ನು ಬೋಳು ಬಾಣ ಗರಿಬಾಣಗಳಿಗಿಂತ ಕೆಳಗೆ ಬಿದ್ದರೆ ಹೆದೆಯ ಗಂಟು ಮೇಲಾಗಿದೆ ಎಂದರ್ಥ, ಮೇಲೆ ಬಿದ್ದರೆ ಗಂಟು ಕೆಳಗಾಗಿದೆ. ಒಂದೆರಡು ಮಿಲಿಮೀಟರ್ ಸರಿಸಿ ಮತ್ತೆ ಬಿಡಬೇಕು. ಒಂದು ಸಂಜೆ ಇದರಲ್ಲೇ ಕಳೆದುಹೋಗುತ್ತದೆ. ಅಂಕ ಒಂದೂ ಸೇರುವುದಿಲ್ಲ. ತಾಳ್ಮೆಯಿಲ್ಲದವರು ಈ ಕೆಲಸವನ್ನು ಬಿಟ್ಟುಬಿಡುವುದು ಇದೇ ಕಾರಣಕ್ಕೆ.

ಬಾಣದ ಹದದ ಬಗ್ಗೆ ಕಾಳಜಿ ಮಾಡುವುದು ಯಂತ್ರಯುಗದ ಚಟವೇನಲ್ಲ. ಮಜ್ಝಿಮನಿಕಾಯದ ದೇವದಹ ಸುತ್ತದಲ್ಲಿ ಬುದ್ಧ ಒಂದು ಹೋಲಿಕೆ ಕೊಡುತ್ತಾನೆ: ಬಾಣ ಮಾಡುವವನು ಕಡ್ಡಿಯನ್ನು ಎರಡು ಕೊಳ್ಳಿಗಳ ನಡುವೆ ಕಾಯಿಸಿ ನೇರ ಮಾಡುತ್ತಾನೆ, ನೇರವಾದ ಮೇಲೆ ಮತ್ತೆ ಕಾಯಿಸುವುದಿಲ್ಲ. ಉಪಮೆ ಕೊಡುವಷ್ಟು ಆ ಕಸುಬು ಆಗ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. 1911ರಲ್ಲಿ ಕ್ಯಾಲಿಫೋರ್ನಿಯಾದ ಕಾಡಿನಿಂದ ಹೊರಬಂದ ಯಾಹಿ ಬುಡಕಟ್ಟಿನ ಇಶಿಯೂ ಕಡ್ಡಿಗಳನ್ನು ಕೆಂಡದ ಕಾವಿಗೆ ಹಿಡಿದು ತಿದ್ದುತ್ತಿದ್ದ. ಅವನ ಕೆಲಸವನ್ನು ಪಕ್ಕದಲ್ಲಿ ಕೂತು ನೋಡಿ ಬರೆದಿಟ್ಟವನು ಅವನ ವೈದ್ಯ ಸ್ಯಾಕ್ಸ್‌ಟನ್ ಪೋಪ್. ತುರ್ಕರು, ಮಂಗೋಲರು, ಮೊಘಲರು ಹೆಬ್ಬೆರಳಿಗೆ ಉಂಗುರ ತೊಟ್ಟು ಹೆದೆ ಎಳೆದರು, ಬಾಣವನ್ನು ಬಿಲ್ಲಿನ ಬಲ ಪಕ್ಕಕ್ಕಿಟ್ಟರು. ಹೆದೆ ಜಾರುವ ದಿಕ್ಕು ಬದಲಾದರೆ ಬಾಣ ಕೂರುವ ಪಕ್ಕವೂ ಬದಲಾಗಬೇಕು ಎಂಬುದು ಅವರ ಕೈಗೆ ಗೊತ್ತಿತ್ತು.

ಮರದ ಬಾಣ ಮಾಡುವವರು ಇವತ್ತಿಗೂ ಕಡ್ಡಿಯ ಎಳೆ ನೋಡಿಯೇ ಕಚ್ಚು ಕೊರೆಯುತ್ತಾರೆ. ಎಳೆಗಳಿಗೆ ಅಡ್ಡಲಾಗಿ ಕೊರೆದರೆ ಕಡ್ಡಿಯ ಬಿಗಿಯಾದ ಮೈ ಬಿಲ್ಲಿಗೆ ಒರಗುತ್ತದೆ, ಹೆದೆಯ ಹೊಡೆತಕ್ಕೆ ಬುಡ ಸೀಳುವುದೂ ಇಲ್ಲ. ಗರಿಯೂ ಹಾಗೆಯೇ: ಮೂರೂ ಒಂದೇ ಕಡೆಯ ರೆಕ್ಕೆಯವು ಆಗಿರಬೇಕು. ಪ್ಲಾಸ್ಟಿಕ್ ರೆಕ್ಕೆ ಕಟ್ಟೆಗೆ ತಗುಲಿದರೆ ಬಾಣವನ್ನು ಒದ್ದುಬಿಡುತ್ತದೆ, ಹಕ್ಕಿಯ ಗರಿ ತಲೆಬಾಗಿ ದಾಟುತ್ತದೆ.

ಭಾರತದ ಬಿಲ್ಲುಗಾರಿಕೆಗೆ ಇದು ಯಾಕೆ ಮುಖ್ಯ? ದೇಶದ ಹೆಸರಾಂತ ಬಿಲ್ಲುಗಾರರಲ್ಲಿ ಹಲವರು ಬಿದಿರಿನ ಬಿಲ್ಲಿನಿಂದ ಬಂದವರು. ರಾಜಸ್ಥಾನದ ಉದಯಪುರ ಜಿಲ್ಲೆಯ ಲಿಂಬಾ ರಾಮ್ ಕಾಡಿನಲ್ಲಿ ಬಿದಿರಿನ ಬಿಲ್ಲು ಹಿಡಿದು ಬೆಳೆದವರು. 1992ರಲ್ಲಿ ಬೀಜಿಂಗ್‌ನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 30 ಮೀಟರ್ ದೂರಕ್ಕೆ 360ರಲ್ಲಿ 358 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ರಾಂಚಿ ಬಳಿಯ ದೀಪಿಕಾ ಕುಮಾರಿ ಅವರದೂ ಬಿದಿರಿನ ಬಿಲ್ಲಿನಿಂದಲೇ ಆರಂಭ. ರಾಷ್ಟ್ರೀಯ ಕೂಟಗಳಲ್ಲಿ ಬಿದಿರಿನ ಬಿಲ್ಲಿಗೆ ‘ಇಂಡಿಯನ್ ರೌಂಡ್’ ಎಂಬ ಪ್ರತ್ಯೇಕ ವಿಭಾಗವೇ ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಧೀರಜ್ ಬೊಮ್ಮದೇವರ ಮತ್ತು ಅಂಕಿತಾ ಭಕತ್ ಜೋಡಿ ನಾಲ್ಕನೆಯ ಸ್ಥಾನಕ್ಕೆ ನಿಂತಾಗ ಟಿ.ವಿ. ಚರ್ಚೆಗಳು ಮತ್ತೆ ಮನಸ್ಥೈರ್ಯದ ಸುತ್ತ ಸುತ್ತಿದವು. ಆ ಮಟ್ಟದಲ್ಲಿ ಮಾತು ಸರಿಯೂ ಇರಬಹುದು. ಅಲ್ಲಿ ಬಾಣಗಳು ಕೂದಲೆಳೆಯಷ್ಟು ಲೆಕ್ಕಕ್ಕೆ ಹೊಂದಿಕೊಂಡಿರುತ್ತವೆ. ತೊಂದರೆ ಅದೇ ಮಾತನ್ನು ಶಾಲೆಯ ಮೈದಾನಕ್ಕೆ ತಂದು ಸುರಿಯುವುದರಲ್ಲಿದೆ.

ಶಾಲೆ, ಹಾಸ್ಟೆಲು, ಹೊಸ ತರಬೇತಿ ಕೇಂದ್ರ ಎಲ್ಲಿಯೇ ಆಗಲಿ, ಬಾಣವನ್ನು ಡಜನ್ ಲೆಕ್ಕದಲ್ಲಿ, ಒಂದೇ ಅಳತೆಯಲ್ಲಿ ಕೊಂಡು ಎಲ್ಲರಿಗೂ ಹಂಚುವುದು ಅದನ್ನು ಕ್ರಿಕೆಟ್ ಚೆಂಡಿನ ಹಾಗೆ ಕಂಡಂತೆ. ಒಂದೇ ಅಳತೆಯ ಚಪ್ಪಲಿ ತಂದು ತರಗತಿಗೆಲ್ಲ ಹಂಚುವವರು ಯಾರೂ ಇಲ್ಲ. ಅಂಗಡಿಯ ಅಂಕಿಯೂ ದಾರಿ ತಪ್ಪಿಸುವಂಥದೇ: ಕಾರ್ಬನ್ ಕಡ್ಡಿಯ ಮೇಲೆ 500 ಎಂದಿದ್ದರೆ 28 ಇಂಚು ಅಂತರದ ಆಧಾರಗಳ ನಡುವೆ 880 ಗ್ರಾಂ ತೂಗುಹಾಕಿದಾಗ ಅದು ಅರ್ಧ ಇಂಚು ಬಾಗಿತು ಎಂದು. ಅಂಕಿ ದೊಡ್ಡದಾದಷ್ಟೂ ಬಾಣ ಮೆದು. ದೊಡ್ಡ ಅಂಕಿ ಎಂದರೆ ಗಟ್ಟಿ ಮಾಲು ಎಂದು ಕೊಳ್ಳುವವರು ಮೋಸ ಹೋಗುವುದು ಇಲ್ಲೇ.

ಪರಿಹಾರಕ್ಕೆ ದೊಡ್ಡ ಅನುದಾನ ಬೇಡ. ಮರದ ಅಥವಾ ಬಿದಿರಿನ ಕಡ್ಡಿಗೆ ಹಳೆಯ ಅಳತೆಯೊಂದಿದೆ. ಹಲಗೆಯೊಂದಕ್ಕೆ 26 ಇಂಚು ಅಂತರದಲ್ಲಿ ಎರಡು ಮೊಳೆ, ಅವುಗಳ ಮೇಲೆ ಕಡ್ಡಿ, ನಡುವಿಗೆ ಎರಡು ಪೌಂಡ್, ಅಂದರೆ ಸುಮಾರು 907 ಗ್ರಾಂ ತೂಕ. ಕಡ್ಡಿ ಎಷ್ಟಿಂಚು ಬಾಗಿತೋ ಅದರಿಂದ 26ನ್ನು ಭಾಗಿಸಬೇಕು. 0.65 ಇಂಚು ಬಾಗಿದರೆ 40 ಪೌಂಡಿನ ಬಿಲ್ಲಿಗೆ ಹೊಂದುವ ಕಡ್ಡಿ, 0.52 ಬಾಗಿದರೆ 50ರದು. ನಡುವಿನ ಅಂತರ ಮೂರು ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಊರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುವ ಸಲಕರಣೆ. ಅದರ ಜೊತೆ ಬಿಲ್ಲಿನ ಎಳೆತ ತೂಗಲು ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ, ಬೇರೆ ಬೇರೆ ತೂಕದ ಮೊನೆಗಳ ಒಂದು ಡಬ್ಬಿ, ಮೂರು ನಮೂನೆ ಬಿಗಿಯ ಎರಡೆರಡು ಬಾಣ. ಇಷ್ಟು ಕೊಂಡ ಮೇಲೆ ಡಜನ್ ಬಾಣಕ್ಕೆ ಹಣ ಬಿಡುಗಡೆಯಾಗಲಿ.

ಅನುಭವಿ ತರಬೇತುದಾರರ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಕಲಿಯುವವರ ಬೆರಳು ಒಂದು ಸಲ ಒಂದು ರೀತಿ ಜಾರುತ್ತದೆ, ಇನ್ನೊಂದು ಸಲ ಇನ್ನೊಂದು ರೀತಿ. ಅಂಥ ಕೈಯಲ್ಲಿ ಬೋಳು ಬಾಣ ಸುಳ್ಳು ಸಾಕ್ಷಿ ಹೇಳುತ್ತದೆ ಎನ್ನುತ್ತಾರೆ ಅವರು. ನಿಜ. ಮೊದಲ ತಿಂಗಳುಗಳಲ್ಲಿ ಬೋಳು ಬಾಣದ ಪರೀಕ್ಷೆ ದಂಡ. ಆದರೆ ಮೊಳೆಯ ಹಲಗೆಯ ಪರೀಕ್ಷೆಗೆ ಬೆರಳಿನ ಹದ ಬೇಕಿಲ್ಲ. ಹೊಂದದ ಬಾಣದಿಂದ ಕಲಿತ ಮಗು ಆ ತಪ್ಪು ಬಾಣಕ್ಕೆ ತಕ್ಕಂತೆ ಮಣಿಕಟ್ಟು ತಿರುಚುವುದನ್ನೂ ಕಲಿಯುತ್ತದೆ. ಮುಂದೆ ಅದನ್ನು ಬಿಡಿಸುವುದು ಬಾಣ ಬದಲಿಸುವಷ್ಟು ಸುಲಭವಲ್ಲ.

ಮೊದಲಿನ ಆ ಹುಡುಗಿಯ ಬಿಲ್ಲನ್ನೇ ತೂಗೋಣ. ಬಿಲ್ಲಿನ ಮೇಲೆ 26 ಪೌಂಡ್ ಎಂದು ಬರೆದಿದೆ. ಆ ಅಂಕಿ 28 ಇಂಚು ಎಳೆದವರಿಗೆ. ಅವಳ ತೋಳಿಗೆ ಸಿಗುವುದು 24 ಇಂಚು. ಒಂದೊಂದು ಇಂಚಿಗೆ ಸುಮಾರು ಎರಡು ಪೌಂಡ್ ಕಳೆದರೆ ಅವಳ ಬೆರಳ ಮೇಲೆ ನಿಂತದ್ದು 18 ಪೌಂಡ್. ಕೈಗೆ ಕೊಟ್ಟದ್ದು ದೊಡ್ಡವರ 500 ಅಂಕಿಯ ಬಾಣ. ಅಂಥ ಬಿಗಿಯ ಬಾಣ ಅವಳ ಬಿಲ್ಲಿನಲ್ಲಿ ಸಾಕಷ್ಟು ಬಳುಕುವುದೇ ಇಲ್ಲ, ಎಡಕ್ಕೆ ಹೋಗಲೇಬೇಕು, ಎಂಟು ಸಲ ಹೋಗಿದೆ. ಗದರಲೇಬೇಕಿದ್ದರೆ ನಡುವಿಗೆ ಬಿದ್ದ ಉಳಿದ ಎರಡು ಬಾಣಗಳಿಗೆ ಗದರಬೇಕಿತ್ತು.