‘ಒಳ್ಳೆ ರೂಟರ್ ತಗೊಳ್ಳಮ್ಮ’

ಕಳೆದ ತಿಂಗಳು ಒಂದು ಆನ್‌ಲೈನ್ ವಿಚಾರಸಂಕಿರಣದಲ್ಲಿ ನನ್ನ ಪ್ರಬಂಧಕ್ಕೆ ಸಿಕ್ಕಿದ್ದು ರಾತ್ರಿ ಎಂಟೂವರೆಯ ಹೊತ್ತು. ಹದಿನೈದು ನಿಮಿಷದಲ್ಲಿ ಮೂರು ಸಲ ಪರದೆಯಿಂದ ಮಾಯವಾದೆ. ಮೂರನೆಯ ಸಲ ವಾಪಸ್ ಬಂದಾಗ ಅಧ್ಯಕ್ಷತೆ ವಹಿಸಿದ್ದ ಹಿರಿಯರು ಪ್ರೀತಿಯಿಂದಲೇ ಅಂದರು: “ಒಳ್ಳೆ ರೂಟರ್ ತಗೊಳ್ಳಮ್ಮ. ಈಗ ಎಲ್ಲಾ ಕಡೆ ಫೈವ್‌ಜಿ ಇದೆಯಲ್ಲ.” ಉಳಿದವರು ನಕ್ಕರು. ನನ್ನ ಪ್ರಬಂಧದ ಬಗ್ಗೆ ಬಂದ ಪ್ರತಿಕ್ರಿಯೆ ಅದೊಂದೇ.

ಈ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿದ್ದು ಅವಮಾನದಿಂದಲ್ಲ, ಆ ಮಾತು ತಪ್ಪು ಅನ್ನುವ ಕಾರಣಕ್ಕೆ. ಒಳ್ಳೆ ರೂಟರ್ ನಾನು ಆಗಲೇ ತಗೊಂಡಿದ್ದೆ. ಒಂದಲ್ಲ, ಎರಡು.

ನಮ್ಮ ಮನೆ ಉರಿಗಾಂನಲ್ಲಿ, ಹಳೆಯ ಗಣಿ ಲೈನ್‌ಮನೆಗಳ ಸಾಲಿನಲ್ಲಿ. ಫೈಬರ್ ಕೇಳಿದೆವು. ಬಂದ ಹುಡುಗ ಕಂಬ ನೋಡಿದ, ಸಾಲು ನೋಡಿದ, “ಅಕ್ಕಾ, ಐದು ಮನೆಯವ್ರು ವರ್ಷದ ದುಡ್ಡು ಮುಂಚೇನೇ ಕಟ್ಟಿದ್ರೆ ಎಳೀತೀವಿ” ಅಂದ. ತಿಂಗಳ ರೀಚಾರ್ಜನ್ನೇ ಮೂರು ದಿನ ಮುಂದೂಡುವ ಸಾಲಿನಲ್ಲಿ ಐದು ಮನೆ ಎಲ್ಲಿಂದ ತರಲಿ? ಹೀಗೆ ನಮ್ಮ ಪಾಲಿಗೆ ಉಳಿದಿದ್ದು ಸಿಮ್ ಹಾಕಿ ಓಡಿಸುವ ರೂಟರ್.

ಮೊದಲನೆಯದನ್ನು ರಾಬರ್ಟ್‌ಸನ್‌ಪೇಟೆಯಲ್ಲಿ ಕೊಂಡೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘300 ಎಂಬಿಪಿಎಸ್’ ಅಂತಿತ್ತು. ಆಮೇಲೆ ಗೊತ್ತಾಯಿತು, ಅದು ಮನೆಯೊಳಗಿನ ವೈಫೈಯ ವೇಗ. ಟವರಿನಿಂದ ತರುವ ವೇಗ ಒಳಗಿನ ಚೀಟಿಯಲ್ಲಿ ಸಣ್ಣಕ್ಷರದಲ್ಲಿತ್ತು: ಕ್ಯಾಟಗರಿ 4, ಅಂದರೆ ಹೆಚ್ಚೆಂದರೆ ಇಳಿಸಲು 150, ಏರಿಸಲು 50, ಅದೂ ಪ್ರಯೋಗಾಲಯದಲ್ಲಿ. ಬಾವಿಯಲ್ಲಿ ನೀರೆಷ್ಟಿದೆ ಅನ್ನುವುದನ್ನು ಬಿಟ್ಟು ಕೊಡದ ಅಳತೆ ಹೇಳಿ ಮಾರುವ ವ್ಯಾಪಾರ ಇದು. ಅಂಗಡಿಯವರನ್ನು ಬೈಯುವುದಿಲ್ಲ. “ಎಲ್ಲಾ ಸಿಮ್ಮೂ ಓಡುತ್ತೆ ಮೇಡಂ” ಅಂದಿದ್ದು ನಿಜವೇ. ಸಿಮ್ ಓಡಿತು. ಆದರೆ ಯಾವ ಬ್ಯಾಂಡಿನಲ್ಲಿ?

ಇಲ್ಲಿ ಸ್ವಲ್ಪ ತಡೆದು ಹೇಳಬೇಕು, ಯಾಕೆಂದರೆ ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಯಾರೂ ಇದನ್ನು ಹೇಳಿಕೊಡುವುದಿಲ್ಲ. ಒಂದೇ ಕಂಪನಿ ಹಲವು ಕಂಪನಾಂಕಗಳಲ್ಲಿ 4ಜಿ ಬಿಡುತ್ತದೆ. ಬ್ಯಾಂಡ್ 40 ಅಂದರೆ 2300 ಮೆಗಾಹರ್ಟ್ಸ್. ಅಗಲವಾದ ದಾರಿ, ಆದರೆ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಬ್ಯಾಂಡ್ 5 (850) ಮತ್ತು ಬ್ಯಾಂಡ್ 8 (900) ದೂರ ಹೋಗುತ್ತವೆ, ಗೋಡೆಯನ್ನೂ ತೂರುತ್ತವೆ, ಆದರೆ ಓಣಿಯಷ್ಟು ಇಕ್ಕಟ್ಟು. ಬ್ಯಾಂಡ್ 3 (1800) ನಡುವೆ. ಹಾಗಾಗಿ ಕೊಳ್ಳುವ ಮೊದಲು ಫೋನಿನಲ್ಲಿ ಸಿಗ್ನಲ್ ಅಳೆಯುವ ಉಚಿತ ಆಪ್ ಹಾಕಿಕೊಂಡು, ಮನೆಯ ಪ್ರತಿ ಕಿಟಕಿಯ ಬಳಿ ನಿಂತು, ಯಾವ ಬ್ಯಾಂಡ್ ಬರುತ್ತಿದೆ ಅಂತ ಬರೆದುಕೊಳ್ಳಿ. ಕಡ್ಡಿಗಳನ್ನು ನಂಬಬೇಡಿ. ಆರ್‌ಎಸ್‌ಆರ್‌ಪಿ ಅನ್ನುವ ಸಂಖ್ಯೆ ಮೈನಸ್ 80ರ ಆಸುಪಾಸಿನಲ್ಲಿದ್ದರೆ ಹಬ್ಬ, ಮೈನಸ್ 110 ದಾಟಿದರೆ ಸೂತಕ. ಎಸ್‌ಐಎನ್‌ಆರ್ ಅನ್ನುವುದು ಗದ್ದಲದ ನಡುವೆ ಮಾತು ಎಷ್ಟು ಕೇಳುತ್ತಿದೆ ಅನ್ನುವ ಲೆಕ್ಕ; ಅದು ಸೊನ್ನೆಗಿಂತ ಕೆಳಗಿದ್ದರೆ ಕಡ್ಡಿ ಐದಿದ್ದರೂ ಪ್ರಯೋಜನವಿಲ್ಲ.

ನಮ್ಮ ಮನೆಯೊಳಗೆ ಮೈನಸ್ 114 ಇತ್ತು. ಮೇಲೆ ತಗಡಿನ ಮಾಡು, ಟವರಿಗೂ ನಮಗೂ ನಡುವೆ ಸೈನೈಡ್ ದಿಬ್ಬ. ಗಣಿಯಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡ ಅದು. ಚಿನ್ನ ಹೋಯಿತು, ಪುಡಿ ನಮಗುಳಿಯಿತು. ಗಾಳಿಗಾಲದಲ್ಲಿ ಅದು ಕಣ್ಣಿಗೆ ಬೀಳುತ್ತದೆ ಅಂತ ಗೊತ್ತಿತ್ತು, ಸಿಗ್ನಲ್ಲಿಗೂ ಅಡ್ಡ ನಿಲ್ಲುತ್ತದೆ ಅಂತ ಗೊತ್ತಿರಲಿಲ್ಲ. ಇದೇ ಊರಿನ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಹಿಡಿದರು. ಇಡೀ ಭೂಮಿಯನ್ನೇ ತೂರಿಕೊಂಡು ಹೋಗುವ ಕಣ ಇಲ್ಲಿ ಸಿಕ್ಕಿತು, ದಿಬ್ಬದಾಚೆಯ ಟವರ್ ಸಿಗಲಿಲ್ಲ.

ಎರಡನೆಯ ರೂಟರನ್ನು ಲೆಕ್ಕ ಹಾಕಿ ಕೊಂಡೆ. 5ಜಿ ಚೀಟಿ ಅಂಟಿಸಿದ್ದನ್ನು ಬಿಟ್ಟೆ, ನಮ್ಮ ಸಾಲಿಗೆ ಅದರ ಸಿಗ್ನಲ್ ಬರುವುದೇ ಇಲ್ಲ. ಕಂಪನಿಯ ಬೀಗ ಇಲ್ಲದ, ಬ್ಯಾಂಡ್ 3, 5, 8, 40 ಎಲ್ಲ ಇರುವ, ಹೊರಗಿನ ಆಂಟೆನಾಗೆ ಎರಡು ಕಿಂಡಿಯಿರುವ ಸಾದಾ 4ಜಿ ಡಬ್ಬಿ. ಆಂಟೆನಾವನ್ನು ಅಪ್ಪ ಬಟ್ಟೆ ಒಣಹಾಕುವ ಕಂಬಕ್ಕೆ ಕಟ್ಟಿದರು. ನಾನು ಒಳಗೆ ಸಂಖ್ಯೆ ನೋಡುತ್ತಾ “ಇನ್ನೂ ಸ್ವಲ್ಪ ಎಡಕ್ಕೆ ಅಪ್ಪಾ” ಅಂತ ಕೂಗುತ್ತಿದ್ದೆ. ಮೈನಸ್ 93ಕ್ಕೆ ಬಂತು. ಕರೆಂಟ್ ಹೋದರೆ ಬೇಕು ಅಂತ 12 ವೋಲ್ಟಿನ ಪುಟ್ಟ ಯುಪಿಎಸ್ ಕೂಡ ಬಂತು. ಮಧ್ಯಾಹ್ನ ಮೂರಕ್ಕೆ 38 ಎಂಬಿಪಿಎಸ್! ಅಮ್ಮ ಆ ದಿನ ಪಾಯಸ ಮಾಡಿದರು ಅಂದರೆ ನೀವು ನಂಬುವುದಿಲ್ಲ.

ರಾತ್ರಿ ಎಂಟೂವರೆಗೆ ಒಂದೂವರೆ.

ನಾನು ತೊಂದರೆ ಹುಡುಕಿದೆ, ನೋಡಿ, ಬಿಡದೆ ಹುಡುಕಿದೆ. ರೂಟರನ್ನು ಆರಿಸಿ ಹಾಕಿದೆ. ಎಪಿಎನ್ ಸರಿಯಿದೆಯಾ ನೋಡಿದೆ. ದಿನದ ಡೇಟಾ ಮಿತಿ ಮುಗಿದಿದೆಯಾ ನೋಡಿದೆ, ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಬೀಳುತ್ತದೆ, ಮುಗಿದಿರಲಿಲ್ಲ. ವೈಫೈಯದೇ ದೋಷವಾ ಅಂತ ತಂತಿ ಚುಚ್ಚಿ ಲ್ಯಾಪ್‌ಟಾಪಿಗೆ ನೇರ ಕೊಟ್ಟೆ, ಅಷ್ಟೇ. ತಗಡಿನ ಕೆಳಗೆ ಕಾದು ಹೋಗಿದೆಯಾ ಅಂತ ಮುಟ್ಟಿ ನೋಡಿದೆ. ಸಿಮ್ ತೆಗೆದು ಫೋನಿಗೆ ಹಾಕಿದೆ, ಅಲ್ಲೂ ಅಷ್ಟೇ. ಆರ್‌ಎಸ್‌ಆರ್‌ಪಿ ಮಾತ್ರ ಅದೇ ಮೈನಸ್ 93, ಕದಲಿಲ್ಲ. ಸಿಗ್ನಲ್ ಹಾಗೇ ಇದೆ, ವೇಗ ಇಲ್ಲ ಅಂದರೆ ಅದಕ್ಕೆ ನನಗೆ ತೋಚುವ ಅರ್ಥ ಒಂದೇ: ಟವರಿನ ಮುಂದೆ ಜನ ಜಾಸ್ತಿ.

ಯಾಕೆ ಜಾಸ್ತಿ ಅಂತ ನಮ್ಮೂರಿನವರಿಗೆ ವಿವರಿಸಬೇಕಿಲ್ಲ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಂದಿನಿಂದ ಈ ಊರು ದುಡಿಯುವುದು ಬೆಂಗಳೂರಿನಲ್ಲಿ, ಮಲಗುವುದು ಇಲ್ಲಿ. ಬೆಳಗ್ಗೆ ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ್ ಅಂತ ಜನರನ್ನು ಬಾಚಿಕೊಂಡು ಬಂಗಾರಪೇಟೆಯ ಮೇಲೆ ಹೋಗುತ್ತದೆ, ರಾತ್ರಿ ತಂದು ಸುರಿಯುತ್ತದೆ. ಹಗಲು ಟವರ್ ಖಾಲಿ. ರಾತ್ರಿ ಇಡೀ ದಿನ ನಿಂತು ದಣಿದವರು ಫೋನ್ ಹಿಡಿಯುತ್ತಾರೆ. ಅವರ ಸಿನಿಮಾಗಿಂತ ನನ್ನ ಪ್ರಬಂಧ ದೊಡ್ಡದು ಅಂತ ನಾನು ಹೇಳಲಾರೆ. ಆದರೆ ಹಗಲು ಖಾಲಿಯಾಗಿ ರಾತ್ರಿ ತುಂಬುವ ಊರಿಗೆ ಎಷ್ಟು ಟವರ್ ಬೇಕು ಅನ್ನುವ ಲೆಕ್ಕವನ್ನು ನಾನು ರೂಟರ್ ಅಂಗಡಿಯಲ್ಲಿ ಕೊಂಡುಕೊಳ್ಳಲು ಸಾಧ್ಯವಿಲ್ಲ.

ನನ್ನ ಜಗಳ ಇಲ್ಲಿದೆ. ಟ್ರಾಯ್‌ನ 2024ರ ನಿಯಮಗಳು ಕಂಪನಿಗಳು ತಮ್ಮ ಸಿಗ್ನಲ್ ವ್ಯಾಪ್ತಿಯ ನಕ್ಷೆಯನ್ನು ಪ್ರಕಟಿಸಬೇಕು ಅನ್ನುತ್ತವೆ. ಒಳ್ಳೆಯದೇ. ಆದರೆ ಬಣ್ಣ ಬಳಿದ ಆ ನಕ್ಷೆಯಲ್ಲಿ ರಾತ್ರಿ ಎಂಟೂವರೆ ಅನ್ನುವ ಹೊತ್ತೇ ಇಲ್ಲ. ಬ್ರಾಡ್‌ಬ್ಯಾಂಡ್ ಅಂದರೆ ಕನಿಷ್ಠ 2 ಎಂಬಿಪಿಎಸ್ ಅಂತ ಸರ್ಕಾರ 2023ರಲ್ಲಿ ಹೇಳಿತು, ಅದೂ ಇಳಿಸುವ ವೇಗ. ಏರಿಸುವುದರ ಮಾತಿಲ್ಲ. ನನ್ನ ಸಂಶೋಧನೆ ಹಳೆಯ ಗಣಿ ಕಾರ್ಮಿಕರ ಮಾತಿನ ಧ್ವನಿಮುದ್ರಣ. ನಾನು ಇಳಿಸಿಕೊಳ್ಳುವುದಕ್ಕಿಂತ ಕಳಿಸುವುದು ಹೆಚ್ಚು. ಟವರ್ ದೊಡ್ಡ ಗಂಟಲಲ್ಲಿ ಕೂಗಿದ್ದು ನಮಗೆ ಕೇಳುತ್ತದೆ, ನಮ್ಮ ಪುಟ್ಟ ಡಬ್ಬಿ ಪಿಸುಗುಟ್ಟಿದ್ದು ಅದಕ್ಕೆ ಕೇಳುವುದಿಲ್ಲ. ಈ ಊರಿನ ಜನ ನೋಡಬೇಕಾದವರು, ಹೇಳಬೇಕಾದವರಲ್ಲ ಅಂತ ಆ ವ್ಯಾಖ್ಯೆಯೇ ತೀರ್ಮಾನಿಸಿದಂತಿದೆ.

ಡೇಟಾ ಇಷ್ಟು ಅಗ್ಗ, ಇನ್ನೇನು ಬೇಕು ಅನ್ನುವವರಿದ್ದಾರೆ. ಅಗ್ಗ ಹೌದು, 2016ರ ನಂತರ ನಮ್ಮ ಸಾಲಿನ ಮಕ್ಕಳ ಓದು ಬದಲಾಗಿದ್ದೂ ಹೌದು. ಹಾಗಂತ ಶಿವನಸಮುದ್ರವನ್ನು ಮರೆಯಬೇಕಿಲ್ಲ. 1902ರಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಈ ಊರಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ, ಮೂರು ವರ್ಷ ತಡವಾಗಿ. ಎಲ್ಲರೂ ಹೆಮ್ಮೆಯಿಂದ ಹೇಳುವ ಕಥೆ. ಆ ತಂತಿ ಬಂದಿದ್ದು ಗಣಿಯ ಯಂತ್ರಗಳಿಗೆ, ಅದಕ್ಕೆ ಯಾರೂ ಐದು ಮನೆಯವರ ಮುಂಗಡ ಕೇಳಲಿಲ್ಲ. ಕೆಳಗೆ ಚಿನ್ನ ಇತ್ತು.

ಮನೆಮನೆಗೂ ಫೈಬರ್ ನಾಳೆಯೇ ಬರಲಿ ಅಂತ ಕೇಳುತ್ತಿಲ್ಲ. ನಮ್ಮ ರಾಜ್ಯದಲ್ಲಿ 1965ರ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರು ಗ್ರಂಥಾಲಯ ಕರ ಕಟ್ಟುತ್ತೇವೆ. ಆ ದುಡ್ಡಿನಲ್ಲಿ ಪ್ರತಿ ಬಡಾವಣೆಯ ಗ್ರಂಥಾಲಯಕ್ಕೂ ಒಂದು ಗಟ್ಟಿ ತಂತಿ, ನಾಲ್ಕು ಮೇಜು, ರಾತ್ರಿ ಹತ್ತರವರೆಗೆ ತೆರೆದ ಬಾಗಿಲು ಕೊಡಲಿ. ರೈಲಿಳಿದು ಬರುವ ನರ್ಸಿಂಗ್ ಹುಡುಗಿಯೂ ಅಲ್ಲಿ ಕೂತು ಓದಬಹುದು. ರೂಟರ್ ಮಾರುವವರು ಬ್ಯಾಂಡ್‌ಗಳ ಪಟ್ಟಿಯನ್ನು ಡಬ್ಬಿಯ ಮುಂಭಾಗದಲ್ಲಿ ಅಚ್ಚುಹಾಕಲಿ. ಸಂಕಿರಣ ನಡೆಸುವವರು ಮುದ್ರಿಸಿ ಕಳಿಸಿದ ಪ್ರಬಂಧವನ್ನೂ, ಬರಿಯ ಫೋನ್ ಕರೆಯನ್ನೂ ಹಾಜರಿ ಅಂತ ಒಪ್ಪಲಿ.

ಇದೆಲ್ಲ ಆಗುವವರೆಗೆ, ಸರ್, ಒಂದು ವಿನಂತಿ. ಮುಂದಿನ ಗೋಷ್ಠಿಯಲ್ಲಿ ನನ್ನ ಹೆಸರನ್ನು ಮಧ್ಯಾಹ್ನ ಮೂರಕ್ಕೆ ಹಾಕಿ. ಆಗ ರೈಲು ಇನ್ನೂ ಬೆಂಗಳೂರಿನಲ್ಲೇ ಇರುತ್ತದೆ.