ಯಾರದೋ ಔಷಧ ಚೀಟಿ, ಯಾರದೋ ತರಬೇತಿ ಪಟ್ಟಿ

ಬೆಳಗಿನ ಜಾವ ದಾವಣಗೆರೆಯಿಂದ ಹರಿಹರದ ಕಡೆಗೆ ಹೊರಟರೆ ಹೆಲ್ಮೆಟ್ ತೊಟ್ಟ ಸೈಕಲ್ ಸವಾರರು ಎದುರಾಗುತ್ತಾರೆ. ಕಾಲೇಜು ಹುಡುಗರಿದ್ದಾರೆ, ಬ್ಯಾಂಕು ನೌಕರರಿದ್ದಾರೆ, ನಲವತ್ತು ದಾಟಿದ ವ್ಯಾಪಾರಿಗಳೂ ಇದ್ದಾರೆ. ಸಂತೋಷದ ಸಂಗತಿ. ಇವರಲ್ಲಿ ಕೆಲವರಿಗೆ ದೂರದ ಸ್ಪರ್ಧೆಗಳ ಹಂಬಲ ಹುಟ್ಟಿದೆ. ಡಾಂಬರು ಬಿಟ್ಟು ಜಲ್ಲಿ, ಮಣ್ಣಿನ ಹಾದಿಯಲ್ಲಿ ನಡೆಯುವ ‘ಗ್ರಾವೆಲ್’ ಸ್ಪರ್ಧೆಗಳ ಸುದ್ದಿಯೂ ಇಲ್ಲಿಗೆ ಮುಟ್ಟಿದೆ. ಹೀಗಾಗಿ ವೈದ್ಯರ ಮುಂದೆ ಹೊಸದೊಂದು ಪ್ರಶ್ನೆ ಬರುತ್ತಿದೆ: ‘ಡಾಕ್ಟ್ರೇ, ಮೊಬೈಲಿನಲ್ಲಿ ಹನ್ನೆರಡು ವಾರದ ತರಬೇತಿ ಪಟ್ಟಿ ಸಿಕ್ಕಿದೆ, ಶುರು ಮಾಡಬಹುದೇ?’

ಪಕ್ಕದ ಮನೆಯವರ ಔಷಧ ಚೀಟಿ ನೋಡಿ ನೀವು ಮಾತ್ರೆ ನುಂಗುತ್ತೀರಾ? ಇಲ್ಲವಲ್ಲ. ತರಬೇತಿಯ ಪಟ್ಟಿಯೂ ಹಾಗೆಯೇ. ವಯಸ್ಸು, ಕಾಯಿಲೆ, ಕೆಲಸ, ಊರಿನ ಹವೆ ಇವೆಲ್ಲವನ್ನೂ ನೋಡದೆ ಬರೆದ ಪಟ್ಟಿ ಎಷ್ಟೇ ಚೆನ್ನಾಗಿ ಮುದ್ರಣವಾಗಿದ್ದರೂ ನಿಮ್ಮದಲ್ಲ.

ಕಿಲೋಮೀಟರ್ ಅಲ್ಲ, ಗಂಟೆ

ಮೊದಲು ನಿಮ್ಮ ಗುರಿ ಯಾವುದೆಂದು ತಿಳಿಯಿರಿ. ನಮ್ಮ ದೇಶದಲ್ಲಿ ನಡೆಯುವ ‘ಬ್ರೆವೆ’ ಸವಾರಿಗಳಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ ಕಾಲಾವಕಾಶವಿದೆ. ವಿಶ್ರಾಂತಿ, ಊಟ ಎಲ್ಲ ಸೇರಿ ಗಂಟೆಗೆ ಸುಮಾರು 15 ಕಿ.ಮೀ. ಸಾಕು. ಅಂದರೆ ಇಲ್ಲಿ ಬೇಕಾದದ್ದು ವೇಗವಲ್ಲ, ತಾಳಿಕೆ. ಅಮೆರಿಕದ ಕಾನ್ಸಾಸ್‌ನಲ್ಲಿ 2006ರಲ್ಲಿ ಆರಂಭವಾದ, ಈಗ ‘ಅನ್‌ಬೌಂಡ್’ ಎಂಬ ಹೆಸರಿನ ಜಲ್ಲಿ ಹಾದಿಯ ಸ್ಪರ್ಧೆಯ ಪ್ರಮುಖ ವಿಭಾಗ ಸುಮಾರು 320 ಕಿ.ಮೀ. ಜಲ್ಲಿಯ ಮೇಲೆ ಅಷ್ಟೇ ದೂರಕ್ಕೆ ಹೆಚ್ಚು ಹೊತ್ತು ಬೇಕು. ಅಂಗೈ, ಕುತ್ತಿಗೆ, ಸೊಂಟಕ್ಕೆ ಪೆಟ್ಟೂ ಹೆಚ್ಚು. ಆದ್ದರಿಂದ ಕಿಲೋಮೀಟರ್ ಎಣಿಸುವ ಪಟ್ಟಿಗಿಂತ ಗಂಟೆ ಎಣಿಸುವ ಪಟ್ಟಿ ಒಳ್ಳೆಯದು. ಭದ್ರಾ ನಾಲೆಯ ಏರಿಯಂಥ ಮಣ್ಣು ಹಾದಿಯಲ್ಲಿ ವಾರಕ್ಕೊಮ್ಮೆಯಾದರೂ ಅಭ್ಯಾಸ ಬೇಕು. ಆದರೆ ಅಲ್ಲಿಗೆ ಒಬ್ಬರೇ ಹೋಗಬೇಡಿ.

ದಾವಣಗೆರೆಯಿಂದ ಹರಿಹರಕ್ಕೆ ಹೋಗಿ ಬಂದರೆ ಸುಮಾರು 28 ಕಿ.ಮೀ. ವಾರಕ್ಕೆ ಮೂರು ದಿನ ಇದನ್ನು ಮಾಡಿ, ಮರುದಿನ ನೋವಿಲ್ಲದೆ ಕೆಲಸಕ್ಕೆ ಹೋಗಬಲ್ಲಿರಾದರೆ 200 ಕಿ.ಮೀ.ನ ತಯಾರಿಗೆ ಕೈಹಾಕಬಹುದು. ಆಗದಿದ್ದರೆ ಒಂದೆರಡು ತಿಂಗಳು ಇದೇ ನಿಮ್ಮ ಪಟ್ಟಿ.

ಯಾರು ಮೊದಲು ತಪಾಸಣೆ ಮಾಡಿಸಬೇಕು?

ನಲವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು, ಬೀಡಿ ಸಿಗರೇಟು ಸೇದುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದವರಿದ್ದರೆ ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ಮಲಗಿಸಿ ತೆಗೆದ ಇಸಿಜಿ ಸರಿಯಿದ್ದ ಮಾತ್ರಕ್ಕೆ ಹೃದಯದ ರಕ್ತನಾಳಗಳು ಸರಿಯಿವೆ ಎಂದಲ್ಲ. ಹತ್ತುವಾಗ ಎದೆ ಬಿಗಿತ, ದವಡೆಗೆ ಅಥವಾ ತೋಳಿಗೆ ಹರಡುವ ನೋವು, ತಲೆಸುತ್ತು, ಎಂದಿಲ್ಲದ ಏದುಸಿರು ಕಂಡರೆ ಅಲ್ಲೇ ಇಳಿಯಿರಿ. ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿದು ಮುಂದೆ ಹೋಗುವುದು ಪ್ರಾಣಕ್ಕೇ ಕುತ್ತು. ತಡಮಾಡದೆ ಆಸ್ಪತ್ರೆ ಸೇರಬೇಕು.

ಇನ್ನೊಂದು ಮಾತು. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಾಡಿ ಸಹಜವಾಗಿ ಏರುವುದಿಲ್ಲ. ನಾಡಿಬಡಿತ ಆಧರಿಸಿದ ಪಟ್ಟಿ ಅವರನ್ನು ದಾರಿ ತಪ್ಪಿಸುತ್ತದೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಬಳಸುವವರಿಗೆ ದೀರ್ಘ ಸವಾರಿಯ ನಂತರ, ಆ ರಾತ್ರಿಯೂ, ಸಕ್ಕರೆ ಕುಸಿಯಬಹುದು. ಔಷಧವನ್ನು ತಾವೇ ನಿಲ್ಲಿಸಬಾರದು, ಪ್ರಮಾಣವನ್ನು ವೈದ್ಯರೇ ಹೊಂದಿಸಬೇಕು.

ಒಳ್ಳೆಯ ಪಟ್ಟಿಯ ಲಕ್ಷಣ

ಒಳ್ಳೆಯ ಪಟ್ಟಿಯಲ್ಲಿ ಹೆಚ್ಚಿನ ಸವಾರಿಗಳು ಹಗುರವಾಗಿರುತ್ತವೆ: ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುವಷ್ಟು ಉಸಿರು ಉಳಿದಿರಬೇಕು. ಏದುಸಿರು ಬರುವ ಅಭ್ಯಾಸ ವಾರಕ್ಕೆ ಒಂದು, ಹೆಚ್ಚೆಂದರೆ ಎರಡು. ಉದ್ದದ ಸವಾರಿ ಒಂದೇ. ಪೂರ್ಣ ವಿಶ್ರಾಂತಿ ಒಂದು ದಿನ ಕಡ್ಡಾಯ. ಮೂರು ವಾರ ಏರಿಸಿದರೆ ನಾಲ್ಕನೆಯ ವಾರ ಇಳಿಸಬೇಕು. ಸ್ಪರ್ಧೆಯ ಹಿಂದಿನ ಒಂದೆರಡು ವಾರ ಸುಮಾರು ಅರ್ಧಕ್ಕೆ ಇಳಿಸಬೇಕು. ಸ್ನಾಯು ಬೇಗ ಗಟ್ಟಿಯಾಗುತ್ತದೆ, ಸ್ನಾಯುರಜ್ಜುಗಳು ನಿಧಾನ. ಆತುರಗಾರರ ಮೊಣಕಾಲು ಕೆಡುವುದು ಇದರಿಂದಲೇ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಹ್ಯಾಂಡಲ್‌ನ ಎತ್ತರ ಸರಿಪಡಿಸಿ, ಕೈ ಇಡುವ ಜಾಗ ಬದಲಿಸುತ್ತಿರಿ.

ಜ್ವರ ಬಂದರೆ ಏನು ಮಾಡಬೇಕೆಂದು ಹೇಳದ ಪಟ್ಟಿ ಪಟ್ಟಿಯೇ ಅಲ್ಲ. ಜ್ವರವಿದ್ದಾಗ ಸವಾರಿ ಬೇಡವೇ ಬೇಡ; ಹೃದಯದ ಸ್ನಾಯುವಿಗೇ ಉರಿಯೂತ ತಗಲುವ ಅಪಾಯವಿದೆ.

ನಮ್ಮ ಬಿಸಿಲು, ನಮ್ಮ ಊಟ

ಯೂರೋಪಿನ ತಂಪಿಗೆ ಬರೆದ ಪಟ್ಟಿಯನ್ನು ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಪಾಲಿಸಲಾಗದು. ಬೇಸಿಗೆಯಲ್ಲಿ ಎಂಟು ಗಂಟೆಯೊಳಗೆ ಮನೆ ಸೇರಿ. ಸವಾರಿಗೆ ಮುಂಚೆ, ನಂತರ ತೂಕ ನೋಡಿ, ಒಂದು ಕೆ.ಜಿ. ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಸಾಲದಾಗಿದೆ ಎಂದರ್ಥ. ತೂಕ ಏರಿದ್ದರೆ ಅತಿಯಾಗಿ ಕುಡಿದಿದ್ದೀರಿ. ಬರೀ ನೀರು ಮಿತಿಮೀರಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾದೀತು. ಉಪ್ಪು ಸಕ್ಕರೆ ಬೆರೆಸಿದ ನಿಂಬೆ ಪಾನಕ ಸಾಕು. ರಕ್ತದೊತ್ತಡ ಇರುವವರು ಉಪ್ಪಿನ ಅಳತೆಯನ್ನು ವೈದ್ಯರಲ್ಲಿ ಕೇಳಲಿ. ಗಂಟೆಗೊಂದೆರಡು ಬಾಳೆಹಣ್ಣು ದೇಹಕ್ಕೆ ಸಲ್ಲುವ ಆಹಾರ. ಬೆಣ್ಣೆ ದೋಸೆ ಹಿಂತಿರುಗಿದ ಮೇಲೆ. ನೋವಿನ ಮಾತ್ರೆ ನುಂಗಿ ಸೈಕಲ್ ಹತ್ತಬೇಡಿ. ನೀರು ಕಡಿಮೆಯಾದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು.

‘ಹಿಂದೆ ಹತ್ತಿ ಗಿರಣಿಗೆ ಸೈಕಲ್ ತುಳಿದವರು, ಹಳ್ಳಿಯಿಂದ ಹಾಲಿನ ಕ್ಯಾನು ತಂದವರು ಯಾವ ಪಟ್ಟಿ ನೋಡಿದ್ದರು?’ ಎಂದು ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಅವರದ್ದೇ ಅತ್ಯುತ್ತಮ ಪಟ್ಟಿಯಾಗಿತ್ತು: ದಿನವೂ, ಹದವಾದ ವೇಗದಲ್ಲಿ, ವರ್ಷಗಟ್ಟಲೆ. ನಾವು ಅದನ್ನು ಹನ್ನೆರಡು ವಾರಕ್ಕೆ ಹಿಂಡಲು ಹೊರಟಿದ್ದೇವೆ. ತೊಂದರೆ ಇರುವುದು ಅಲ್ಲಿ.

ವಾರಕ್ಕೆ ಆರು ಗಂಟೆ ಬಿಡುವಿರುವವರು ಹನ್ನೆರಡು ಗಂಟೆಯ ಪಟ್ಟಿ ಹಿಡಿದರೆ ಉಳಿದ ಆರು ಗಂಟೆ ನಿದ್ದೆಯಿಂದ, ಹೆಂಡತಿ ಮಕ್ಕಳ ಪಾಲಿನಿಂದ ಕಡಿತವಾಗುತ್ತದೆ. ದೇಹ ಗಟ್ಟಿಯಾಗುವುದು ನಿದ್ದೆಯಲ್ಲಿ ಎಂಬುದನ್ನು ಮರೆಯಬಾರದು. ಹಾಸಿಗೆ ಇದ್ದಷ್ಟು ಕಾಲು ಚಾಚಿ. ಈ ವರ್ಷದ ಸ್ಪರ್ಧೆ ತಪ್ಪಿದರೆ ಮುಂದಿನ ವರ್ಷ ಇದ್ದೇ ಇರುತ್ತದೆ. ಅದಕ್ಕೆ ನೀವೂ ಇರಬೇಕಷ್ಟೆ.