ಹುಲ್ಲಿಗೆ ಬೆಂಕಿ ಇಡುವ ಮುನ್ನ

ಬುಕ್ಕಸಾಗರದ ಸುತ್ತಲಿನ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದಾಗ ಚೀಲ ತುಂಬಿದ ಕಾಳು ಮನೆಗೆ ಬರುತ್ತದೆ, ಹುಲ್ಲು ಗದ್ದೆಯಲ್ಲಿ ಉಳಿಯುತ್ತದೆ. ಕಾಳನ್ನು ಅಲ್ಲಾಹನ ಅನುಗ್ರಹವೆಂದು ಸ್ತುತಿಸುವ ನಾವು ಕೆಲವೊಮ್ಮೆ ಹುಲ್ಲಿಗೆ ಬೆಂಕಿ ಇಡುತ್ತೇವೆ. ಇವೆರಡೂ ಬಹುಪಾಲು ಒಂದೇ ಸಕ್ಕರೆಯಿಂದ ಆದವು ಎಂಬುದನ್ನು ನಾವು ಎಂದಾದರೂ ಚಿಂತಿಸಿದ್ದೇವೆಯೇ?

ಎಲೆಯು ಬಿಸಿಲಿನ ಬಲದಿಂದ ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಬಳಸಿ ಗ್ಲೂಕೋಸ್ ತಯಾರಿಸುತ್ತದೆ. ಈ ಪುಟ್ಟ ಅಣುಗಳು ಸಾವಿರಾರು ಸಂಖ್ಯೆಯಲ್ಲಿ ತಸ್ಬೀಹಿನ ಮಣಿಗಳಂತೆ ಕೂಡಿಕೊಳ್ಳುತ್ತವೆ. ಒಂದು ಬಗೆಯಲ್ಲಿ ಕೂಡಿದರೆ ಕಾಳಿನ ಪಿಷ್ಟ. ಇನ್ನೊಂದು ಬಗೆಯಲ್ಲಿ ಕೂಡಿದರೆ ಹುಲ್ಲಿಗೆ ಗಟ್ಟಿತನ ನೀಡುವ ಸೆಲ್ಯುಲೋಸ್. ಎರಡು ಮಣಿಗಳು ಕೂಡುವಾಗ ನೀರಿನ ಒಂದು ಅಣು ಹೊರಬರುತ್ತದೆ. ಜೀರ್ಣವಾಗುವಾಗ ಆ ಕೊಂಡಿಯನ್ನು ಬಿಡಿಸಲು ನೀರಿನ ಒಂದು ಅಣು ಮರಳಿ ಸೇರಬೇಕು.

ರೊಟ್ಟಿಯ ತುಣುಕೊಂದನ್ನು ಚೆನ್ನಾಗಿ ಅಗಿಯುತ್ತಿದ್ದರೆ ಅದು ಬಾಯಲ್ಲೇ ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದೇ ಇದಕ್ಕೆ ಕಾರಣ. ಆದರೆ ಸೆಲ್ಯುಲೋಸಿನ ಬೀಗಕ್ಕೆ ನಮ್ಮ ದೇಹದಲ್ಲಿ ಕೀಲಿಕೈ ಇಲ್ಲ. ಹಸುವಿನ ಹೊಟ್ಟೆಯಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳಲ್ಲಿ ಅದು ಇದೆ. ಆದುದರಿಂದಲೇ ನಾವು ತಿನ್ನಲಾಗದ ಹುಲ್ಲು ಹಾಲಾಗಿ ನಮ್ಮ ಮಕ್ಕಳ ಲೋಟಕ್ಕೆ ಬರುತ್ತದೆ. ಬೇಳೆಯ ಪ್ರೋಟೀನಿನ ಕಥೆಯೂ ಇಂಥದ್ದೇ. ದೇಹವು ಅದನ್ನು ಅಮೈನೋ ಆಮ್ಲಗಳಾಗಿ ಬಿಡಿಸಿ, ಸುಮಾರು 20 ಬಗೆಯ ಆ ಇಟ್ಟಿಗೆಗಳಿಂದ ತನ್ನದೇ ಸ್ನಾಯುವನ್ನೂ ರಕ್ತದ ಹಿಮೋಗ್ಲೋಬಿನ್ನನ್ನೂ ಕಟ್ಟಿಕೊಳ್ಳುತ್ತದೆ. ಸೃಷ್ಟಿಯ ಈ ವ್ಯವಸ್ಥೆಯಲ್ಲಿ ಒಡೆಯುವುದೆಂದರೆ ನಾಶವಲ್ಲ, ಮುಂದಿನ ಕಟ್ಟಡಕ್ಕೆ ಸಿದ್ಧತೆ.

ಬೆಂಕಿಯೂ ಒಡೆಯುತ್ತದೆ, ಆದರೆ ಇಟ್ಟಿಗೆಗಳನ್ನು ಉಳಿಸುವುದಿಲ್ಲ. ಮಣ್ಣಿಗೆ ಸೇರಬೇಕಾದ ಇಂಗಾಲವೂ ಸಾರಜನಕವೂ ಬಹುತೇಕ ಗಾಳಿಯ ಪಾಲಾಗುತ್ತವೆ. ಆ ಹೊಗೆ ನೆರೆಮನೆಯ ವೃದ್ಧರ ಎದೆಗೂ ತೊಟ್ಟಿಲ ಕೂಸಿನ ಉಸಿರಿಗೂ ತಲುಪುತ್ತದೆ. ಬಳಿಕ ನಾವೇ ಅಂಗಡಿಗೆ ಹೋಗಿ ಹಣ ಕೊಟ್ಟು ಯೂರಿಯಾ ತರುತ್ತೇವೆ. ಅಪವ್ಯಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೇ?

ರೈತನ ಸಂಕಷ್ಟವನ್ನು ನಾವು ಅರಿಯದವರಲ್ಲ. ಯಂತ್ರದಿಂದ ಕೊಯ್ದಾಗ ಹುಲ್ಲು ಚೆಲ್ಲಾಪಿಲ್ಲಿಯಾಗುತ್ತದೆ, ಕೂಲಿ ದುಬಾರಿ, ಕಾಲುವೆಗೆ ನೀರು ಬಂದರೆ ಮುಂದಿನ ನಾಟಿಗೆ ಅವಸರ. ಹಸಿಬಿಸಿಯಾಗಿ ಹುಲ್ಲನ್ನು ಉತ್ತು ತಕ್ಷಣ ನಾಟಿ ಮಾಡಿದರೆ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹೀರಿಕೊಳ್ಳುವುದರಿಂದ ಸಸಿಗಳು ಹಳದಿಯಾಗುವುದೂ ಉಂಟು. ಆದುದರಿಂದ ಬಿಡುವಿದ್ದಲ್ಲಿ ಕೆಲವು ವಾರ ಮೊದಲೇ ಉಳುಮೆ ಮಾಡೋಣ. ಇಲ್ಲವಾದರೆ ಹುಲ್ಲನ್ನು ಒಟ್ಟಿ, ಸಗಣಿ ಬೆರೆಸಿ, ತೇವ ಕಾಪಾಡಿ ಗೊಬ್ಬರವಾಗಿಸೋಣ. ಅದೂ ಆಗದಿದ್ದರೆ, ದನಕರುಗಳಿದ್ದೂ ಮೇವಿಲ್ಲದ ನೆರೆಯವರಿಗೆ, ಅವರು ಯಾವ ಸಮುದಾಯದವರೇ ಆಗಿರಲಿ, ಒಯ್ಯಲು ಹೇಳೋಣ. ಜುಮಾ ನಮಾಝಿನ ಬಳಿಕ ಜಮಾಅತಿನವರು ಐದು ನಿಮಿಷ ಕೂತು ಮಾತನಾಡಿದರೆ, ಹುಲ್ಲು ಇರುವವರೂ ಬೇಕಾದವರೂ ಪರಸ್ಪರ ಪರಿಚಿತರಾಗುತ್ತಾರೆ.

ಭೂಮಿಯು ನಮ್ಮ ಸ್ವತ್ತಲ್ಲ, ನಮ್ಮ ಕೈಗೆ ಒಪ್ಪಿಸಲಾದ ಅಮಾನತ್ತು. ಪಡೆದ ಅಮಾನತ್ತನ್ನು ಬೂದಿಯಾಗಿಸಿ ಮುಂದಿನ ಪೀಳಿಗೆಗೆ ಒಪ್ಪಿಸಿದವರ ಸಾಲಿನಲ್ಲಿ ನಾವು ನಿಲ್ಲದಿರೋಣ. ಅಲ್ಲಾಹನು ನಮಗೆ ಆ ವಿವೇಕವನ್ನು ಕರುಣಿಸಲಿ. ಆಮೀನ್.